ಚಿತ್ರಗಳ ಮೇಲಣ ಮುದ್ರೆ



ನಮ್ಮ ಊರಿನಲ್ಲಿ ಮದುವೆಯಾಗಲಿ, ಉಪನಯನವಾಗಲಿ, ದೇವಸ್ಥಾನದಲ್ಲಿ ಕೊಡಿಯೇರಿ ಉತ್ಸವ ನಡೆಯಲಿ, ಮೊಂತಿ ಹಬ್ಬದ ದಿನ ಮಕ್ಕಳು ಹೂವಿನ ಬುಟ್ಟಿಗಳನ್ನು ಹಿಡಿದು ಇಗರ್ಜಿಯ ಮುಂದೆ ಸಾಲಾಗಿ ನಿಲ್ಲಲಿ, ಕಂಬಳದ ಗದ್ದೆಯಲ್ಲಿ ಕೋಣಗಳು ಕೆಸರುನೀರನ್ನು ಆಳೆತ್ತರಕ್ಕೆ ಚಿಮ್ಮಿಸಲಿ, ಮರುದಿನ ಬೆಳಗಾಗುವುದರೊಳಗೆ ಅದರ ನೂರಾರು ಛಾಯಾಚಿತ್ರಗಳು ಊರವರ ಮೊಬೈಲುಗಳಿಗೆ ಬಂದು ಸೇರುತ್ತವೆ. ಮತ್ತು ಆ ಒಂದೊಂದು ಚಿತ್ರದ ಮೂಲೆಯಲ್ಲಿಯೂ, ಸಾಮಾನ್ಯವಾಗಿ ಬಲಗಡೆಯ ಕೆಳಮೂಲೆಯಲ್ಲಿ, ಅದನ್ನು ತೆಗೆದವರ ಹೆಸರೋ ಲಾಂಛನವೋ ತೆಳ್ಳಗೆ ಮೂಡಿರುತ್ತದೆ. ಈ ಗುರುತನ್ನು ಹಚ್ಚಿದವನು ಒಂದೊಂದು ಚಿತ್ರವನ್ನೂ ಪ್ರತ್ಯೇಕವಾಗಿ ಎದುರಿಗಿರಿಸಿಕೊಂಡು ರಾತ್ರಿಯಿಡೀ ಶ್ರಮಪಟ್ಟನೆಂದು ಯಾರೂ ಭಾವಿಸಬೇಕಾಗಿಲ್ಲ. ಲಾಂಛನ ಯಾವುದು, ಅದು ಚಿತ್ರದ ಯಾವ ಭಾಗದಲ್ಲಿ ಕೂರಬೇಕು, ಎಷ್ಟು ದೊಡ್ಡದಾಗಿರಬೇಕು, ಅದರ ಹಿಂದಿನದು ಎಷ್ಟರಮಟ್ಟಿಗೆ ಕಾಣಬೇಕು ಎಂಬ ನಾಲ್ಕು ಸಂಗತಿಗಳನ್ನು ಗಣಕಯಂತ್ರಕ್ಕೆ ತಿಳಿಸಿ, ಚಿತ್ರಗಳಿರುವ ಫೋಲ್ಡರನ್ನು ತೋರಿಸಿ, ಗುಂಡಿಯೊತ್ತಿ, ಆತ ಚಹಾ ಕುಡಿಯಲು ಕೆಳಗಿಳಿದು ಹೋದ. ಮರಳಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸ್ಟುಡಿಯೋದವರು ಇದನ್ನು ‘ಬ್ಯಾಚ್ ಹಾಕುವುದು’ ಎನ್ನುತ್ತಾರೆ.

ನಾನು ವಾಸವಾಗಿರುವ ಮಂಗಳೂರಿನ ಕೊಡಿಯಾಲ್‌ಬೈಲು ಇಂತಹ ವಿಚಾರಕ್ಕೆ ತಕ್ಕ ಸ್ಥಳವೇ ಸರಿ. ಒಂದು ಕಡೆ ಜಿಲ್ಲಾ ನ್ಯಾಯಾಲಯ, ಇನ್ನೊಂದು ಕಡೆ ಬಿಷಪರ ನಿವಾಸ, ನಡುವೆ ಬೆಸೆಂಟರ ಹೆಸರನ್ನು ಹೊತ್ತ ವಿದ್ಯಾಸಂಸ್ಥೆಗಳು, ಏರಿನ ಮೇಲೆ ಸಂತ ಅಲೋಶಿಯಸ್ ಕಾಲೇಜು. ಕೊಡಿಯಾಲ್‌ಬೈಲ್ ಪ್ರೆಸ್ ಎಂಬ ಹಳೆಯ ಮುದ್ರಣಾಲಯದ ಹೆಸರನ್ನೂ, 1938ರಲ್ಲಿ ಹುಟ್ಟಿದ ರಾಕ್ಣೊ ಪತ್ರಿಕೆಯ ಹೆಸರನ್ನೂ ಕೊಂಕಣಿ ಓದುವ ಮನೆಗಳಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಅಂದರೆ ಅಕ್ಷರ, ಅಚ್ಚು, ದಾವೆ, ಸಮಾರಂಭ, ಈ ನಾಲ್ಕೂ ಇಲ್ಲಿ ನೆರೆಹೊರೆಯವಾಗಿ ಬಾಳಿಕೊಂಡು ಬಂದಿವೆ. ಛಾಯಾಚಿತ್ರದ ಮೇಲಣ ಮುದ್ರೆಗೆ ಈ ನಾಲ್ಕರ ಸಂಬಂಧವೂ ಉಂಟು.

ಆದರೆ ಒಂದೇ ಮುದ್ರೆಯನ್ನು ಅಸಂಖ್ಯ ವಸ್ತುಗಳ ಮೇಲೆ ಒತ್ತುವ ವಿದ್ಯೆಯನ್ನು ಮಂಗಳೂರು ಜಗತ್ತಿಗೆ ತೋರಿಸಿದ್ದು ಕಾಗದದ ಮೂಲಕವಲ್ಲ, ಮಣ್ಣಿನ ಮೂಲಕ. ಬಾಸೆಲ್ ಮಿಷನ್ನಿನವರು 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಎರಡು ವರ್ಷಗಳ ಬಳಿಕ ಮಂಗಳೂರ ಸಮಾಚಾರ ಆ ಕಲ್ಲಿನ ಮೇಲಿಂದಲೇ ಹೊರಬಂದಿತು. ಮುಂದೆ ಆ ಮುದ್ರಣಾಲಯದ ಕೆಲಸಕ್ಕಾಗಿ ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರಕುಶಲರು ಇಲ್ಲಿಯ ನದೀತೀರದ ಜೇಡಿಮಣ್ಣಿನ ಗುಣವನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮುದ್ರಣವನ್ನು ಬಲ್ಲ ಕೈಯೇ ಹಂಚನ್ನೂ ಒತ್ತಿತೆಂಬುದು ನನ್ನ ಮಟ್ಟಿಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಹದವಾಗಿ ಅರೆದ ಮಣ್ಣಿನ ಹಲಗೆಯನ್ನು ಎಣ್ಣೆ ಸವರಿದ ಅಚ್ಚಿನ ನಡುವೆ ಇರಿಸಿ ಒತ್ತುಯಂತ್ರದ ಚಕ್ರವನ್ನು ತಿರುಗಿಸಿದಾಗ, ಹಂಚಿನ ಏಣು, ಕೊಕ್ಕೆ, ನೀರು ಹರಿಯುವ ಕಾಲುವೆ, ಇವುಗಳೊಡನೆಯೇ ಕಾರ್ಖಾನೆಯ ಹೆಸರೂ ಊರಿನ ಹೆಸರೂ ಏಕಕಾಲದಲ್ಲಿ ಮೂಡುತ್ತಿದ್ದವು. ಏಕೆಂದರೆ ಆ ಅಕ್ಷರಗಳನ್ನು ಅಚ್ಚಿನೊಳಗೆಯೇ ತಿರುಗುಮುರುಗಾಗಿ ಕೆತ್ತಿರುತ್ತಿದ್ದರು. ಹಂಚಾದ ಮೇಲೆ ಯಾರೋ ಕುಳಿತು ಹೆಸರು ಬರೆಯುತ್ತಿರಲಿಲ್ಲ. ಹಂಚಾಗುವುದೂ ಹೆಸರಾಗುವುದೂ ಒಂದೇ ಕ್ರಿಯೆಯಾಗಿತ್ತು, ಆವಿಗೆಯಲ್ಲಿ ಬೆಂದ ಅನಂತರ ಒಡೆಯದೆ ಆ ಹೆಸರನ್ನು ಅಳಿಸುವ ಉಪಾಯವಿರಲಿಲ್ಲ. ಈ ಮಾದರಿಯ ಹಂಚಿಗೆ ಹೆಸರಾದ ಫ್ರಾನ್ಸಿನ ಮಾರ್ಸೇಲ್ಸಿನಲ್ಲಿಯೂ ಇದೇ ಪದ್ಧತಿಯಿತ್ತು. ಅಲ್ಲಿಂದ ಹಡಗೇರಿದ ಹಂಚುಗಳ ಮೇಲಣ ಜೇನುನೊಣದ ಗುರುತನ್ನು ಸಾಗರದಾಚೆಯ ಎಷ್ಟೋ ರೇವುಪಟ್ಟಣಗಳ ಮಾಡುಗಳಲ್ಲಿ ಇಂದಿಗೂ ಕಾಣಬಹುದಂತೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲಾರೆ. ಹಳೆಯ ಮನೆಯ ಮಾಡನ್ನು ಇಳಿಸುವಾಗ ಬಾಸೆಲ್ ಮಿಷನ್ನಿನ ಹಂಚನ್ನು ಕೈಗೆತ್ತಿಕೊಂಡು, ಅದರ ಮೇಲೆ 1865 ಎಂಬ ಇಸವಿಯನ್ನು ಕಂಡು, ‘ನಮ್ಮ ಹಂಚಿಗೆ ನೂರೈವತ್ತು ವರ್ಷಕ್ಕೂ ಮಿಕ್ಕಿ ಪ್ರಾಯ’ ಎಂದು ಹೆಮ್ಮೆಪಟ್ಟುಕೊಳ್ಳುವವರನ್ನು ನೀವೂ ಕಂಡಿರಬಹುದು. ಆ ಇಸವಿ ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹಂಚು ಬೆಂದ ವರ್ಷವಲ್ಲ. ದಶಕಗಳ ಅನಂತರ ಬೆಂದ ಹಂಚೂ ಅದೇ ಇಸವಿಯನ್ನು ಹೊತ್ತುಕೊಂಡೇ ಹೊರಬಂದಿತು. ಮುದ್ರೆಯ ಸ್ವಭಾವವೇ ಅದು. ತನ್ನ ಒಡೆಯನ ವಿಷಯವನ್ನು ಅದು ಗಟ್ಟಿಯಾಗಿ ಸಾರುತ್ತದೆ. ತಾನು ಕುಳಿತಿರುವ ವಸ್ತುವಿನ ವಿಷಯವಾಗಿ ಒಂದಕ್ಷರವನ್ನೂ ಹೇಳುವುದಿಲ್ಲ.

ಛಾಯಾಚಿತ್ರದವರು ಈ ಅಭ್ಯಾಸವನ್ನು ಬಹು ಹಿಂದೆಯೇ ಕೈಗೊಂಡರು. ಅಜ್ಜ-ಅಜ್ಜಿಯರ ಕಾಲದ ಕುಟುಂಬಚಿತ್ರ ನಿಮ್ಮ ಮನೆಯಲ್ಲಿದ್ದರೆ ಅದನ್ನು ಅಂಟಿಸಿದ ದಪ್ಪ ರಟ್ಟಿನ ಕೆಳ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಶಾಯಿಯಿಲ್ಲದೆ, ಕೇವಲ ಒತ್ತಡದಿಂದ ಉಬ್ಬಿದ ಸ್ಟುಡಿಯೋದ ಹೆಸರು ಕಂಡೀತು. ಆ ಉಬ್ಬುಮುದ್ರೆ ಚಿತ್ರದ ಹೊರಗೆ, ಚೌಕಟ್ಟಿನ ಮರ್ಯಾದೆಯಲ್ಲಿ ನಿಲ್ಲುತ್ತಿತ್ತು. ರಟ್ಟು ಮಾಯವಾಗಿ ಚಿತ್ರವೊಂದೇ ಮೊಬೈಲಿನಿಂದ ಮೊಬೈಲಿಗೆ ಓಡಾಡತೊಡಗಿದ ಮೇಲೆ ಮುದ್ರೆಗೆ ನಿಲ್ಲಲು ಹೊರಗೆ ಸ್ಥಳವಿಲ್ಲದೆ ಒಳಕ್ಕೆ ಬಂದಿತು.

ಇನ್ನು ಈ ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೊಡಿಯಾಲ್‌ಬೈಲಿನ ಒಂದು ಮಹಡಿಯ ಮೇಲಣ ಸಣ್ಣ ಸ್ಟುಡಿಯೋದಲ್ಲಿ ಯಕ್ಷಗಾನದ ಚಿತ್ರಗಳಿಗೆ ಲೋಗೋ ಹಾಕುತ್ತಿದ್ದ ತರುಣನ ಪಕ್ಕದಲ್ಲಿ ನಾನು ಬಹಳ ಹೊತ್ತು ಕುಳಿತಿದ್ದೆ. ಮೇಳಗಳು ತಿರುಗಾಟ ಮುಗಿಸಿ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ ಚಿತ್ರಗಳು ರಾಶಿಬೀಳುತ್ತಲೇ ಇರುತ್ತವೆ. ಮಳೆ ಹಿಡಿದ ಮೇಲೆಯೇ ಅವನಿಗೆ ಅವುಗಳನ್ನು ಒಪ್ಪವಾಗಿಡಲು ಪುರುಸೊತ್ತು. ಕೆಲಸಕ್ಕೆ ಕೈಹಚ್ಚುವ ಮೊದಲು ಆತ ಹೇಳಿದ ಮಾತು ಇದು: ‘ಮೊದಲು ಐದಾರು ಫೋಟೋಕ್ಕೆ ಹಾಕಿ ನೋಡುದು ಸರ್. ಸರಿ ಉಂಟಾದ್ರೆ ಮತ್ತೆ ಎಲ್ಲದಕ್ಕೂ ಕೊಡುದು.’

ಆ ಐದಾರು ಚಿತ್ರಗಳನ್ನು ಆತ ಆರಿಸಿದ ರೀತಿಯಲ್ಲಿ ಅವನ ವೃತ್ತಿಜ್ಞಾನವೆಲ್ಲ ಅಡಗಿತ್ತು. ಚೆನ್ನಾಗಿ ಬಂದವುಗಳನ್ನು ಆತ ಮುಟ್ಟಲಿಲ್ಲ. ತೊಂದರೆ ಕೊಡುವಂಥವನ್ನೇ ಹುಡುಕಿದ. ರಂಗಸ್ಥಳದ ಬೆಳಕೆಲ್ಲ ವೇಷಗಳ ಮೇಲೆ ಬಿದ್ದು ಕೆಳಮೂಲೆ ಕಾಡಿಗೆಯಂತೆ ಕಪ್ಪಾದದ್ದೊಂದು; ಭಾಗವತರ ಬಿಳಿಯ ಪಂಚೆ ಅದೇ ಮೂಲೆಯನ್ನು ತುಂಬಿದ್ದು ಮತ್ತೊಂದು; ಕಿರೀಟದ ಎತ್ತರವನ್ನು ಹಿಡಿಯುವುದಕ್ಕಾಗಿ ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ತೆಗೆದದ್ದು ಇನ್ನೊಂದು; ಎಲ್ಲವನ್ನೂ ಕತ್ತರಿಸಿ ಬಣ್ಣದ ವೇಷದ ಮುಖವೊಂದನ್ನೇ ಉಳಿಸಿಕೊಂಡ ಚಿಕ್ಕದು ಮಗದೊಂದು. ಬಿಳಿಯ ಲೋಗೋ ಮೊದಲನೆಯದರಲ್ಲಿ ಹೊಳೆಯಿತು, ಎರಡನೆಯದರಲ್ಲಿ ಪಂಚೆಯೊಳಗೆ ಕರಗಿ ಕಾಣದೆ ಹೋಯಿತು. ಅದಕ್ಕಾಗಿ ಆತ ಅಕ್ಷರಗಳ ಸುತ್ತ ಕೂದಲೆಳೆಯಷ್ಟು ಕಪ್ಪು ನೆರಳನ್ನು ಕೊಟ್ಟ. ಮೂರನೆಯದರಲ್ಲಿ ಲೋಗೋ ಮಗ್ಗುಲು ಮಲಗಿತ್ತು. ಇದರ ಕಾರಣ ಕುತೂಹಲಕರವಾದದ್ದು: ನೆಟ್ಟಗೆ ಹಿಡಿದ ಕ್ಯಾಮೆರಾ ಎಷ್ಟೋ ಸಲ ಚಿತ್ರವನ್ನು ಅಡ್ಡಲಾಗಿಯೇ ಬರೆದಿಟ್ಟು, ‘ಇದನ್ನು ತಿರುಗಿಸಿ ತೋರಿಸತಕ್ಕದ್ದು’ ಎಂಬ ಸೂಚನೆಯನ್ನು ಮಾತ್ರ ಫೈಲಿನ ತಲೆಬರಹದಲ್ಲಿ ಸೇರಿಸಿರುತ್ತದೆ, ಆ ಸೂಚನೆಯನ್ನು ಓದದ ತಂತ್ರಾಂಶ ಅಡ್ಡಚಿತ್ರಕ್ಕೇ ಮುದ್ರೆಯೊತ್ತಿಬಿಡುತ್ತದೆ. ಆದಕಾರಣ ಮೊದಲು ಚಿತ್ರಗಳನ್ನೆಲ್ಲ ನಿಜವಾಗಿಯೇ ತಿರುಗಿಸಿಕೊಂಡು, ಅನಂತರ ಮುದ್ರೆಯ ಕೆಲಸಕ್ಕೆ ಹೋಗಬೇಕು.

ಅಳತೆಯ ವಿಚಾರವೂ ಅಷ್ಟೇ ಸೂಕ್ಷ್ಮ. ಮುನ್ನೂರು ಪಿಕ್ಸೆಲ್ ಅಗಲದ ಲೋಗೋ ಆರು ಸಾವಿರ ಪಿಕ್ಸೆಲ್ ಅಗಲದ ಪೂರ್ಣಚಿತ್ರದಲ್ಲಿ ಇಪ್ಪತ್ತನೆಯ ಒಂದು ಪಾಲಾಗಿ ವಿನಯದಿಂದ ಮೂಲೆಯಲ್ಲಿ ನಿಂತರೆ, ಸಾವಿರದ ಇನ್ನೂರು ಪಿಕ್ಸೆಲಿಗೆ ಕತ್ತರಿಸಿದ ಚಿತ್ರದಲ್ಲಿ ಕಾಲುಭಾಗವನ್ನೇ ನುಂಗಿ ವೇಷಧಾರಿಯ ಗಲ್ಲದ ಮೇಲೆ ಏರಿ ಕುಳಿತುಕೊಳ್ಳುತ್ತದೆ. ಪಿಕ್ಸೆಲಿನ ಲೆಕ್ಕವನ್ನು ಬಿಟ್ಟು, ಚಿತ್ರದ ಅಗಲದ ನೂರಕ್ಕೆ ಇಷ್ಟು ಎಂದು ಹೇಳುವುದೇ ಸರಿಯಾದ ಕ್ರಮ. ವಾಟ್ಸ್‌ಆ್ಯಪಿಗಾಗಿ ಚಿತ್ರವನ್ನು ಕಿರಿದುಗೊಳಿಸುವುದಿದ್ದರೆ ಕಿರಿದುಗೊಳಿಸಿದ ಮೇಲೆಯೇ ಲೋಗೋ ಹಾಕತಕ್ಕದ್ದು; ಮೊದಲೇ ಹಾಕಿದರೆ ಅದರ ಸಣ್ಣ ಅಕ್ಷರಗಳು ಚಿತ್ರದೊಡನೆ ಕುಗ್ಗಿ ಮಸಿಯ ಕಲೆಯಂತಾಗುತ್ತವೆ. ಲೋಗೋದ ಫೈಲು ಪಿಎನ್‌ಜಿ ರೂಪದ್ದಾಗಿರಬೇಕು, ಏಕೆಂದರೆ ಅದರ ಹಿನ್ನೆಲೆಯನ್ನು ಶೂನ್ಯವಾಗಿ ಬಿಡಲು ಸಾಧ್ಯ. ಜೆಪಿಇಜಿ ರೂಪದ್ದಾದರೆ ಲೋಗೋ ಬಿಳಿಯ ಚೌಕವೊಂದನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ.

ಸಾಧನಗಳಿಗೇನೂ ಕೊರತೆಯಿಲ್ಲ. ಫೋಟೋಶಾಪಿನಲ್ಲಿ ಒಂದು ಚಿತ್ರದ ಮೇಲೆ ಮಾಡಿದ ಕೆಲಸವನ್ನು ‘ಆ್ಯಕ್ಷನ್’ ಎಂದು ದಾಖಲಿಸಿ ಉಳಿದವುಗಳ ಮೇಲೆ ಓಡಿಸಬಹುದು. ಲೈಟ್‌ರೂಮಿನಲ್ಲಿ ಚಿತ್ರಗಳನ್ನು ಎಕ್ಸ್‌ಪೋರ್ಟ್ ಮಾಡುವಾಗಲೇ ವಾಟರ್‌ಮಾರ್ಕ್ ಸೇರಿಸಬಹುದು. ಸ್ವಂತಕ್ಕಾಗಿ ಹಣ ಕೊಡದೆ ಬಳಸಬೇಕೆನ್ನುವವರಿಗೆ 1996ರಿಂದ ಇರ್ಫಾನ್‌ವ್ಯೂ ಇದೆ. ಕಿಟಕಿಗಳ ಹಂಗಿಲ್ಲದೆ ಒಂದು ಸಾಲಿನ ಆಜ್ಞೆಯಿಂದಲೇ ಎಲ್ಲವನ್ನೂ ಮುಗಿಸಬೇಕೆನ್ನುವವರಿಗೆ 1990ರಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದ ಇಮೇಜ್‌ಮ್ಯಾಜಿಕ್ ಇದೆ. ಈ ಕೊನೆಯದರ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಆವಶ್ಯಕ. ಅದರಲ್ಲಿರುವ ‘ಮಾಗ್ರಿಫೈ’ ಎಂಬ ಆಜ್ಞೆ, ಬೇರೆ ಸ್ಥಳವನ್ನು ತೋರಿಸದಿದ್ದರೆ, ಮೂಲಚಿತ್ರದ ಮೇಲೆಯೇ ಹೊಸದನ್ನು ಬರೆಯುತ್ತದೆ. ಒಂದು ಕ್ಷಣದಲ್ಲಿ ಸಾವಿರ ಮೂಲಗಳೂ ಮುದ್ರಾಂಕಿತವಾಗಿ ನಿಲ್ಲುತ್ತವೆ, ಹಿಂದಿನದು ಮರಳಿ ಬರುವುದಿಲ್ಲ. ಅದಲ್ಲದೆ ಜೆಪಿಇಜಿ ಚಿತ್ರವನ್ನು ತೆರೆದು ಮತ್ತೆ ಉಳಿಸಿದಾಗಲೆಲ್ಲ ಅದು ತನ್ನನ್ನು ಎಂಟಕ್ಕೆ ಎಂಟು ಪಿಕ್ಸೆಲಿನ ಚೌಕಗಳಾಗಿ ಒಡೆದು, ಕಣ್ಣಿಗೆ ಕಾಣದೆಂದು ತೋರಿದ ವಿವರಗಳನ್ನು ಹೊಸದಾಗಿ ತ್ಯಜಿಸುತ್ತದೆ. ಮೂಲದ ಫೋಲ್ಡರ್ ಬೇರೆ, ಮುದ್ರೆಯೊತ್ತಿದ್ದರ ಫೋಲ್ಡರ್ ಬೇರೆ ಎಂಬ ನಿಯಮವನ್ನು ಆ ತರುಣ ಮಡಿಯಂತೆ ಪಾಲಿಸುತ್ತಿದ್ದುದಕ್ಕೆ ಇದೇ ಕಾರಣ.

ಲೋಗೋ ಎಲ್ಲಿ ಕೂರಬಾರದೆಂಬುದೂ ಒಂದು ವಿವೇಕವೇ. ಕೆಲವರು ಕಳ್ಳತನದ ಭಯದಿಂದ ಚಿತ್ರದ ನಟ್ಟನಡುವೆ, ಮದುಮಗಳ ಮುಖದ ಮೇಲೆ ಕೂಡ, ತಮ್ಮ ಹೆಸರನ್ನು ಓರೆಯಾಗಿ ಬರೆದಿಡುವುದುಂಟು. ನೇಮದಲ್ಲಿ ಅಣಿ ಕಟ್ಟಿದ ದೈವದ ಚಿತ್ರದ ಮೇಲೆ ಹೀಗೆ ಮಾಡಿದರೆ ಊರಿನ ಹಿರಿಯರು ಸುಮ್ಮನಿದ್ದಾರೆಯೇ? ಸುಮ್ಮನಿರಬೇಕಾಗಿಯೂ ಇಲ್ಲವೆಂದೇ ನನ್ನ ಅಭಿಪ್ರಾಯ. ಯಂತ್ರಕ್ಕೆ ಮುಖವೂ ಒಂದೇ, ಮಾವಿನ ತೋರಣವೂ ಒಂದೇ.

ಈಗ ನಮ್ಮ ನೆರೆಯ ನ್ಯಾಯಾಲಯದ ಕಡೆಗೆ ಬರೋಣ. ಚಿತ್ರದ ಮೇಲೆ ಯಾರ ಹೆಸರಿದೆಯೋ ಹಕ್ಕು ಅವರದೇ ಎಂಬುದು ಜನರ ಸಾಮಾನ್ಯ ನಂಬಿಕೆ. ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮ ಹಾಗೆ ಹೇಳುವುದಿಲ್ಲ. ಅದರ 17ನೆಯ ಪ್ರಕರಣದ ಪ್ರಕಾರ, ಒಬ್ಬರ ಕೋರಿಕೆಯಂತೆ ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರಕ್ಕೆ, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, ಹಣಕೊಟ್ಟು ತೆಗೆಸಿದವರೇ ಪ್ರಥಮ ಸ್ವಾಮಿಗಳು. ಅರ್ಥಾತ್, ನಿಮ್ಮ ಮಗಳ ಮದುವೆಯ ಆಲ್ಬಮ್ಮಿನ ಪ್ರತಿಯೊಂದು ಪುಟದಲ್ಲಿ ಸ್ಟುಡಿಯೋದ ಲಾಂಛನವಿದ್ದರೂ, ಬೇರೆ ಒಪ್ಪಂದವಾಗಿರದಿದ್ದರೆ, ಆ ಚಿತ್ರಗಳ ಕೃತಿಸ್ವಾಮ್ಯ ನಿಮ್ಮದು. ತೆಗೆದವರಿಗೆ ಕೃತಿಕಾರರೆಂಬ ಗೌರವದ ಹಕ್ಕು 57ನೆಯ ಪ್ರಕರಣದಂತೆ ಉಳಿಯುತ್ತದೆ. ಅದೇ ಸ್ಟುಡಿಯೋದವರು ಯಾರೂ ಹೇಳದೆ, ತಮ್ಮ ಇಚ್ಛೆಯಿಂದಲೇ ಕಂಬಳದ ಗದ್ದೆಯ ಪಕ್ಕದಲ್ಲಿ ನಿಂತು ತೆಗೆದ ಚಿತ್ರವಾದರೆ ಹಕ್ಕು ಅವರದು, ಮುದ್ರೆಯಿದ್ದರೂ ಇಲ್ಲದಿದ್ದರೂ. ಅಲೋಶಿಯಸ್ ಚಾಪೆಲಿನ ಗೋಡೆಗಳ ಮೇಲೆ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಬಿಡಿಸಿದ ವರ್ಣಚಿತ್ರಗಳನ್ನು ತೆಗೆದುಕೊಳ್ಳಿ. ಕಲಾವಿದರು 1905ರಲ್ಲಿಯೇ ತೀರಿಕೊಂಡದ್ದರಿಂದ ಆ ಚಿತ್ರಗಳ ಕೃತಿಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಇಂದು ಅವುಗಳ ಛಾಯಾಚಿತ್ರ ತೆಗೆದು ಮೂಲೆಯಲ್ಲಿ ತನ್ನ ಹೆಸರನ್ನು ಒತ್ತಿದವನು ಹೆಚ್ಚೆಂದರೆ ತನ್ನ ಛಾಯಾಚಿತ್ರಕ್ಕೆ ಹಕ್ಕು ಹೇಳಬಹುದು, ಮೊಸ್ಕೆನಿಯವರ ಕುಂಚಕ್ಕಲ್ಲ.

ಹಾಗಾದರೆ ಮುದ್ರೆ ನಿರರ್ಥಕವೇ ಎಂದರೆ, ಹಾಗೂ ಅಲ್ಲ. 2012ರ ತಿದ್ದುಪಡಿ ಎರಡು ಕೆಲಸಗಳನ್ನು ಮಾಡಿತು. ಛಾಯಾಚಿತ್ರಕ್ಕೆ ಪ್ರಕಟಣೆಯಿಂದ ಅರವತ್ತು ವರ್ಷ ಎಂದಿದ್ದ ಪ್ರತ್ಯೇಕ ಲೆಕ್ಕವನ್ನು ತೆಗೆದುಹಾಕಿ, ಇತರ ಕಲಾಕೃತಿಗಳಂತೆ ಕೃತಿಕಾರನ ಜೀವಿತಾವಧಿ ಮತ್ತು ಅನಂತರದ ಅರವತ್ತು ವರ್ಷಗಳ ರಕ್ಷಣೆಯನ್ನು ಕೊಟ್ಟಿತು. ಮತ್ತು 65ಬಿ ಪ್ರಕರಣವನ್ನು ಸೇರಿಸಿ, ಕೃತಿಯ ಹಕ್ಕನ್ನು ಗುರುತಿಸುವ ಮಾಹಿತಿಯನ್ನು ಅಧಿಕಾರವಿಲ್ಲದೆ, ತಿಳಿದೂ ತಿಳಿದು ತೆಗೆದುಹಾಕುವವರಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸಿತು. ಮುದ್ರೆ ಹಕ್ಕನ್ನು ಹುಟ್ಟಿಸಲಾರದು. ಇದ್ದ ಹಕ್ಕಿಗೆ ಸಾಕ್ಷಿಯಾಗಿ ನಿಲ್ಲಬಲ್ಲುದು.

ಆ ಸಾಕ್ಷಿಯ ಬಾಯಿ ಮುಚ್ಚಿಸುವುದು ಎಷ್ಟು ಸುಲಭವಾಗಿದೆ ಎಂಬುದನ್ನು ಮಾತ್ರ ಹಗುರವಾಗಿ ಎಣಿಸಕೂಡದು. ಗೂಗಲ್ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಬ್ಯಾಚಿನ ಬುಡಕ್ಕೇ ಕೈಹಾಕಿತು. ಒಂದೇ ಚಿತ್ರವಿದ್ದಾಗ ಅದರಲ್ಲಿ ಚಿತ್ರ ಯಾವುದು, ಮುದ್ರೆ ಯಾವುದೆಂದು ಬೇರ್ಪಡಿಸುವುದು ಯಂತ್ರಕ್ಕೆ ಕಷ್ಟ. ಆದರೆ ಒಂದೇ ಮುದ್ರೆಯನ್ನು ಒಂದೇ ರೀತಿಯಲ್ಲಿ ಹೊತ್ತ ನೂರಾರು ಚಿತ್ರಗಳು ಕೈಗೆ ಸಿಕ್ಕಿದಾಗ, ಚಿತ್ರಗಳು ಬದಲಾಗುತ್ತ ಹೋಗಿ ಮುದ್ರೆಯೊಂದೇ ಬದಲಾಗದೆ ಉಳಿಯುವುದರಿಂದ, ಆ ಬದಲಾಗದ ಅಂಶವನ್ನು ಲೆಕ್ಕಹಾಕಿ ಹೊರತೆಗೆದು, ಪ್ರತಿಯೊಂದು ಚಿತ್ರದಿಂದಲೂ ಕಳೆದುಬಿಡುವುದು ಸಾಧ್ಯವೆಂದು ಅವರು ತೋರಿಸಿದರು. ಯಾವ ಏಕರೂಪತೆಯ ಮೂಲಕ ಸ್ಟುಡಿಯೋದವನ ಶ್ರಮ ಉಳಿಯಿತೋ ಅದೇ ಏಕರೂಪತೆ ಅಳಿಸುವವನ ಶ್ರಮವನ್ನೂ ಉಳಿಸಿತು! ಪರಿಹಾರವನ್ನೂ ಅವರೇ ಸೂಚಿಸಿದ್ದಾರೆ: ಪ್ರತಿ ಚಿತ್ರದಲ್ಲಿಯೂ ಮುದ್ರೆಯ ಆಕಾರವನ್ನು ಕಣ್ಣಿಗೆ ತೋರದಷ್ಟು ವಕ್ರಗೊಳಿಸಿದರೆ ಅಳಿಸುವ ಲೆಕ್ಕ ತಪ್ಪಿ, ಮುದ್ರೆಯ ಕಲೆ ಉಳಿಯುತ್ತದೆ. ಈಗಿನ ಕೃತಕ ಬುದ್ಧಿಮತ್ತೆಯ ಸಾಧನಗಳಂತೂ ಮೂಲೆಯ ಸಣ್ಣ ಲೋಗೋವನ್ನು ಒಂದೇ ಚಿತ್ರದಿಂದಲೂ ಒರಸಿ, ಅಲ್ಲಿರಬಹುದಾದ ನೆಲವನ್ನು ತಾವೇ ಊಹಿಸಿ ಬಿಡಿಸಬಲ್ಲವು. ಬೆರಳಿನಿಂದ ಚಿತ್ರದ ಅಂಚನ್ನು ಕತ್ತರಿಸುವ ಹಳೆಯ ಉಪಾಯ ಇದ್ದೇ ಇದೆ.

ಆದ್ದರಿಂದ ವೃತ್ತಿಯವರು ಕಣ್ಣಿಗೆ ಕಾಣುವ ಮುದ್ರೆಯೊಂದನ್ನೇ ನಂಬಿ ಕೂರದೆ, ಫೈಲಿನ ಒಳಗಡೆ, ಐಪಿಟಿಸಿ ಎಂದು ಕರೆಯಲಾಗುವ ಕೋಷ್ಠಕಗಳಲ್ಲಿ, ತಮ್ಮ ಹೆಸರನ್ನೂ ಹಕ್ಕಿನ ಸೂಚನೆಯನ್ನೂ ಬರೆಯುತ್ತಾರೆ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ಇದು ಉದುರಿಹೋಗುವುದು ನಿಜ; ಪತ್ರಿಕಾಲಯಕ್ಕೋ ಗ್ರಂಥಭಂಡಾರಕ್ಕೋ ಮೂಲಫೈಲನ್ನೇ ಕೊಟ್ಟಾಗ ಉಳಿಯುತ್ತದೆ. ಲೋಗೋ ಹಾಕುವ ಬ್ಯಾಚಿನೊಡನೆಯೇ ಇದನ್ನೂ ನಡೆಸಬಹುದು.

ಆ ತರುಣನ ಪರದೆಯ ಮೇಲೆ ಈ ಕೋಷ್ಠಕಗಳನ್ನು ತೆರೆಯಿಸಿ ನೋಡಿದೆ. ಕೃತಿಕಾರ, ಕೃತಿಸ್ವಾಮ್ಯ ಎಂಬ ಸ್ಥಳಗಳು ಚೊಕ್ಕಟವಾಗಿ ತುಂಬಿದ್ದವು. ಶೀರ್ಷಿಕೆ, ವಿವರಣೆ, ಊರು, ಚಿತ್ರದಲ್ಲಿರುವವರು ಎಂಬ ಸ್ಥಳಗಳೆಲ್ಲ ಬರಿದಾಗಿದ್ದವು. ಬಾಸೆಲ್ ಮಿಷನ್ನಿನವರು ನಮ್ಮ ಜಿಲ್ಲೆಯಲ್ಲಿ ತೆಗೆದ ಹತ್ತೊಂಬತ್ತನೆಯ ಶತಮಾನದ ಚಿತ್ರಗಳು ಈಗ ಬಾಸೆಲ್ ನಗರದ ಪತ್ರಾಗಾರದಲ್ಲಿವೆ, ಅಂತರಜಾಲದಲ್ಲಿ ಎಲ್ಲರಿಗೂ ಕಾಣಸಿಗುತ್ತವೆ. ಅವುಗಳಲ್ಲಿ ನಾವು ಆಸಕ್ತಿಯಿಂದ ಹುಡುಕುವುದು ತೆಗೆದವರ ಹೆಸರಿಗಿಂತ ಹೆಚ್ಚಾಗಿ, ಬಾಗಿಲ ಬಳಿ ನಿಂತಿರುವ ಹೆಂಗಸು ಯಾರು, ಮನೆ ಯಾವ ಊರಿನದು ಎಂಬುದನ್ನು. ನಾನು ಆ ತರುಣನನ್ನು ಕೇಳಿದೆ: ‘ಇದು ಯಾವ ಪ್ರಸಂಗ, ಯಾವ ಮೇಳ, ಎಲ್ಲಿಯ ಆಟ ಎಂದು ಇದರಲ್ಲಿಯೇ ಬರೆದಿಡಬಹುದಲ್ಲ?’ ‘ಬರೀಬಹುದು ಸರ್. ಒಂದು ಆಟದ ಫೋಟೋ ಎಲ್ಲ ಒಂದೇ ಫೋಲ್ಡರಲ್ಲಿ ಉಂಟು, ಒಮ್ಮೆ ಟೈಪ್ ಮಾಡಿದ್ರೆ ಎಲ್ಲದಕ್ಕೂ ಹೋಗ್ತದೆ. ಇಷ್ಟರವರೆಗೆ ಯಾರೂ ಕೇಳ್ಲಿಲ್ಲ’ ಎಂದ. ಭಾಗವತರ ಹೆಸರು ಅವನಿಗೆ ಗೊತ್ತಿತ್ತು, ಚೆಂಡೆಯವರ ಹೆಸರೂ ಗೊತ್ತಿತ್ತು, ಬಣ್ಣದ ವೇಷದವರು ತನ್ನ ಊರಿನವರೇ ಎಂದು ಹೇಳಿದ. ಹೇಳುತ್ತಲೇ ವಿವರಣೆಯ ಕೋಷ್ಠಕದ ಮೇಲೆ ಕ್ಲಿಕ್ ಮಾಡಿ, ಕನ್ನಡದ ಕೀಲಿಮಣೆಗೆ ಬದಲಾಯಿಸಿಕೊಂಡು, ಪ್ರಸಂಗದ ಹೆಸರಿನಿಂದ ಟೈಪ್ ಮಾಡತೊಡಗಿದ.